ಇಳಿಸಿದ ತೂಕ ಮರಳಿ ಏರುವಾಗ ದೇಹದೊಳಗೆ ನಡೆಯುವುದೇನು?

ಪ್ರಶ್ನೆ

ನಮಸ್ಕಾರ. ಸುಮಾರು ಮೂರು ವರ್ಷಗಳ ಹಿಂದೆ ನನ್ನ ತೂಕ 92 ಕಿಲೊ ಇತ್ತು. ಎಂಟು ತಿಂಗಳ ಕಾಲ ತಿಂದದ್ದನ್ನೆಲ್ಲ ತೂಗಿ, ಬರೆದಿಟ್ಟು, ದಿನವೂ ಒಂದು ಗಂಟೆ ನಡೆದು ಅದನ್ನು 78ಕ್ಕೆ ಇಳಿಸಿದೆ. ಆಮೇಲಿನ ಎರಡು ವರ್ಷಗಳಲ್ಲಿ, ನಾನು ಹಳೆಯ ಅಭ್ಯಾಸಗಳಿಗೆ ಪೂರ್ತಿಯಾಗಿ ಮರಳಿದೆನೆಂದು ನನಗೆ ಅನಿಸದಿದ್ದರೂ, 11 ಕಿಲೊ ವಾಪಸು ಬಂದಿದೆ. ನಾನು ನೋಡಿದ ವೈದ್ಯರು ವರದಿಯಿಂದ ತಲೆಯೆತ್ತದೆಯೇ, ಒಳಗೆ ಹೋಗುವ ಕ್ಯಾಲೊರಿ ಹೊರಗೆ ಹೋಗುವುದಕ್ಕಿಂತ ಹೆಚ್ಚಾಗಿದೆ, ಅಷ್ಟೇ ವಿಷಯ ಎಂದರು. ಆ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದರಿಂದ ನನಗೆ ಏನೂ ತಿಳಿದಂತಾಗಲಿಲ್ಲ.

ನನ್ನನ್ನು ಕಾಡುವುದು ಬೇರೆಯೇ ಸಂಗತಿ. ತೂಕ ಇಳಿಸುವುದಕ್ಕೆ ಮೊದಲು ಆರೇಳು ವರ್ಷ ನಾನು ಯಾವ ಲೆಕ್ಕವನ್ನೂ ಇಡದೆ ಉಂಡಿದ್ದೆ. ಆಗ ತೂಕ 90ರಿಂದ 93ರ ನಡುವೆಯೇ ನಿಂತಿತ್ತು. ಲೆಕ್ಕವಿಲ್ಲದಿದ್ದಾಗ ಸ್ಥಿರವಾಗಿದ್ದ ತೂಕ, ಇಷ್ಟೊಂದು ಎಚ್ಚರದಿಂದಿರುವಾಗ ಏಕೆ ನಿಲ್ಲುತ್ತಿಲ್ಲ? ಆ ಸ್ಥಿರತೆಯನ್ನು ಕಾಯುತ್ತಿದ್ದದ್ದು ಯಾವುದು? ನನ್ನ ಚಯಾಪಚಯ ಕೆಟ್ಟುಹೋಗಿದೆಯೇ, ಅಥವಾ ಗೊತ್ತಿಲ್ಲದಂತೆ ಹೆಚ್ಚು ತಿನ್ನುತ್ತಿದ್ದೇನೆಯೇ? ಪಥ್ಯದ ಪಟ್ಟಿಯನ್ನು ನಾನು ಕೇಳುತ್ತಿಲ್ಲ. ದೇಹ ಈ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಾನು ಶರೀರಕ್ರಿಯಾಶಾಸ್ತ್ರವನ್ನು ಬಹಳ ವರ್ಷ ಪಾಠ ಮಾಡಿದವನು. ನಿಮ್ಮ ಪ್ರಶ್ನೆಯ ಎರಡನೆಯ ಭಾಗ, ಅಂದರೆ ಲೆಕ್ಕವಿಡದ ವರ್ಷಗಳಲ್ಲಿ ತೂಕ ನಿಂತದ್ದು ಹೇಗೆ ಎಂಬುದು, ನಿಜಕ್ಕೂ ಈ ವಿಷಯದ ಹೆಬ್ಬಾಗಿಲು. ದಿನಕ್ಕೆ 2,500 ಕಿಲೊಕ್ಯಾಲೊರಿ ತಿನ್ನುವ ವ್ಯಕ್ತಿ ವರ್ಷಕ್ಕೆ ಒಂಬತ್ತು ಲಕ್ಷಕ್ಕೂ ಹೆಚ್ಚು ಕಿಲೊಕ್ಯಾಲೊರಿ ತಿಂದಿರುತ್ತಾನೆ. ಒಂದು ಕಿಲೊ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಇರುತ್ತದೆ. ಹಾಗಾಗಿ ವರ್ಷಕ್ಕೆ ಒಂದು ಕಿಲೊ ಏರಿದವನಲ್ಲಿಯೂ ಆಯವ್ಯಯಗಳ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಒಂದು ದಿನ ಹಬ್ಬದೂಟ, ಮರುದಿನ ಜ್ವರ, ಮತ್ತೊಂದು ದಿನ ಊಟವೇ ತಪ್ಪಿದ ಪ್ರಯಾಣ, ಇವೆಲ್ಲವುಗಳ ನಡುವೆ ಇಷ್ಟು ನಿಖರವಾದ ಲೆಕ್ಕವನ್ನು ಯಾರೂ ಪುಸ್ತಕದಲ್ಲಿ ಬರೆದು ಸಾಧಿಸಲಾರರು. ಆ ಲೆಕ್ಕವನ್ನು ನಿಮ್ಮ ಮಿದುಳು ಇಡುತ್ತಿತ್ತು.

ಶಕ್ತಿ ಸಂರಕ್ಷಣಾ ನಿಯಮ ದೇಹಕ್ಕೂ ಅನ್ವಯಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ವೈದ್ಯರು ಹೇಳಿದ ಸಮೀಕರಣದಲ್ಲಿ ಬಿಟ್ಟುಹೋದದ್ದು ಏನೆಂದರೆ, ಅದರ ಎರಡು ಬದಿಗಳು ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದನ್ನು ಎಳೆದರೆ ಇನ್ನೊಂದು ಸರಿಯುತ್ತದೆ. ವೆಚ್ಚದ ಬದಿಯಲ್ಲಿ ಹೆಚ್ಚಿನವರಿಗೆ ಶೇ. 60ರಿಂದ 70ರಷ್ಟು ಸುಮ್ಮನೆ ಮಲಗಿದ್ದರೂ ಖರ್ಚಾಗುವ ಮೂಲ ಚಯಾಪಚಯ, ಸುಮಾರು ಶೇ. 10ರಷ್ಟು ಆಹಾರವನ್ನು ಅರಗಿಸಿಕೊಳ್ಳುವ ಖರ್ಚು, ಉಳಿದದ್ದು ಚಲನೆ. ತೂಕದಲ್ಲಿ ದೇಹದ ಶೇ. 2ರಷ್ಟಿರುವ ಮಿದುಳು ವಿಶ್ರಾಂತಿಯ ಖರ್ಚಿನಲ್ಲಿ ಐದನೆಯ ಒಂದು ಭಾಗವನ್ನು ತಾನೇ ಬಳಸಿಕೊಳ್ಳುತ್ತದೆ. ದೇಹ ಹಿಗ್ಗಿದಾಗ ಈ ಖರ್ಚೂ ಹಿಗ್ಗುತ್ತದೆ, ಕುಗ್ಗಿದಾಗ ಕುಗ್ಗುತ್ತದೆ. ಆದ್ದರಿಂದಲೇ ದಿನಕ್ಕೆ 100 ಕಿಲೊಕ್ಯಾಲೊರಿ ಹೆಚ್ಚಾಗಿ ತಿಂದವರು ಹತ್ತು ವರ್ಷಕ್ಕೆ 47 ಕಿಲೊ ಏರುತ್ತಾರೆಂಬ ಸರಳ ಗುಣಾಕಾರ ಎಂದಿಗೂ ನಿಜವಾಗುವುದಿಲ್ಲ. ಅಷ್ಟೇ ವ್ಯತ್ಯಾಸವನ್ನು ಶಾಶ್ವತವಾಗಿ ಉಳಿಸಿಕೊಂಡರೆ ತೂಕ ಸುಮಾರು ನಾಲ್ಕು ಕಿಲೊ ಬದಲಾಗಿ, ಕೆಲವು ವರ್ಷಗಳಲ್ಲಿ ಹೊಸ ಮಟ್ಟದಲ್ಲಿ ನಿಲ್ಲುತ್ತದೆ. ಆ ಬದಲಾವಣೆಯ ಅರ್ಧ ಭಾಗ ಮೊದಲ ವರ್ಷದಲ್ಲಿಯೇ ಆಗಿಬಿಡುತ್ತದೆ.

ಇನ್ನು ಈ ಲೆಕ್ಕವನ್ನು ಮಿದುಳು ಹೇಗೆ ತಿಳಿಯುತ್ತದೆ ಎಂಬ ವಿಚಾರ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಮೊದಲ ಸಲ ಓದಿದಷ್ಟೇ ಸಂತೋಷವಾಗುತ್ತಿತ್ತು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. 1953ರಲ್ಲಿ ಕೆನಡಿ ಎಂಬ ವಿಜ್ಞಾನಿ, ದೇಹದಲ್ಲಿ ಶೇಖರವಾಗಿರುವ ಕೊಬ್ಬಿನ ಪ್ರಮಾಣವನ್ನೇ ಮಿದುಳು ಅಳೆದು ಅದಕ್ಕೆ ತಕ್ಕಂತೆ ಹಸಿವನ್ನು ಹೊಂದಿಸುತ್ತಿರಬೇಕು ಎಂಬ ಊಹೆಯನ್ನು ಮುಂದಿಟ್ಟರು. ಆದರೆ ಅಳತೆಯ ಸುದ್ದಿಯನ್ನು ಹೊತ್ತೊಯ್ಯುವ ದೂತ ಯಾರೆಂದು ಗೊತ್ತಿರಲಿಲ್ಲ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟಿನಿಂದಲೇ ವಿಪರೀತ ತಿಂದು ಉಬ್ಬುವ ಎರಡು ತಳಿಯ ಇಲಿಗಳಿದ್ದವು. ಡಗ್ಲಾಸ್ ಕೋಲ್‌ಮನ್ ಅವರು ಈ ಇಲಿಗಳನ್ನು ಜೋಡಿಯಾಗಿ ಪಕ್ಕೆಗೆ ಪಕ್ಕೆ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಸೇರುವಂತೆ ಮಾಡಿದರು. ಮೊದಲ ತಳಿಯ ದಪ್ಪ ಇಲಿಯನ್ನು ಸಾಮಾನ್ಯ ಇಲಿಯೊಡನೆ ಜೋಡಿಸಿದಾಗ ದಪ್ಪ ಇಲಿ ಕಡಿಮೆ ತಿನ್ನತೊಡಗಿತು. ಎರಡನೆಯ ತಳಿಯ ದಪ್ಪ ಇಲಿಯನ್ನು ಸಾಮಾನ್ಯ ಇಲಿಯೊಡನೆ ಜೋಡಿಸಿದಾಗ ದಪ್ಪ ಇಲಿಗೆ ಏನೂ ಆಗಲಿಲ್ಲ, ಸಾಮಾನ್ಯ ಇಲಿ ಮಾತ್ರ ಆಹಾರ ಮುಂದಿದ್ದರೂ ತಿನ್ನುವುದನ್ನೇ ಬಿಟ್ಟು ಸತ್ತಿತು. ಎರಡು ದಪ್ಪ ತಳಿಗಳನ್ನೇ ಪರಸ್ಪರ ಜೋಡಿಸಿದಾಗಲೂ ಸತ್ತದ್ದು ಮೊದಲ ತಳಿಯ ಇಲಿ. ಇದರಿಂದ ಕೋಲ್‌ಮನ್ ಕಂಡುಕೊಂಡದ್ದು ಇಷ್ಟು: ಮೊದಲ ತಳಿಗೆ ಸಾಕೆಂಬ ಸಂದೇಶವನ್ನು ತಯಾರಿಸಲು ಬರುವುದಿಲ್ಲ, ಆದರೆ ಕೇಳಿಸಿಕೊಳ್ಳಲು ಬರುತ್ತದೆ, ಎರಡನೆಯದು ಸಂದೇಶವನ್ನು ರಾಶಿರಾಶಿಯಾಗಿ ತಯಾರಿಸುತ್ತದೆ, ಆದರೆ ಅದಕ್ಕೆ ಕೇಳಿಸುವುದಿಲ್ಲ. ಸಂದೇಶದ ವಸ್ತು ಕೈಗೆ ಸಿಗುವುದಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಮೊದಲೇ, ಕೇವಲ ತರ್ಕದಿಂದ, ಅವರು ಈ ನಿರ್ಣಯಕ್ಕೆ ಬಂದಿದ್ದರು.

1994ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಹೋದ್ಯೋಗಿಗಳು ಆ ಸಂದೇಶವನ್ನು ತಯಾರಿಸುವ ವಂಶವಾಹಿಯನ್ನು ಗುರುತಿಸಿದರು. ಸಂದೇಶವನ್ನು ಹೊತ್ತೊಯ್ಯುವ ಆ ಹಾರ್ಮೋನಿಗೆ ತೆಳು ಎಂಬ ಅರ್ಥದ ಗ್ರೀಕ್ ಪದದಿಂದ ಲೆಪ್ಟಿನ್ ಎಂಬ ಹೆಸರು ಬಂತು. ಲೆಪ್ಟಿನ್ ಹೊರಡುವುದು ಕೊಬ್ಬಿನ ಜೀವಕೋಶಗಳಿಂದ. ಶೇಖರ ಹೆಚ್ಚಿದಂತೆ ರಕ್ತದಲ್ಲಿ ಅದೂ ಹೆಚ್ಚುತ್ತದೆ. ಮಿದುಳಿನ ಅಡಿಯಲ್ಲಿರುವ ಹೈಪೊಥಲಾಮಸ್‌ನಲ್ಲಿ ಎರಡು ಗುಂಪಿನ ನರಕೋಶಗಳು ಅದನ್ನು ಗ್ರಹಿಸುತ್ತವೆ. ಒಂದು ಗುಂಪು ಹಸಿವನ್ನು ಹೆಚ್ಚಿಸುತ್ತದೆ, ಇನ್ನೊಂದು ತಗ್ಗಿಸುತ್ತದೆ. ಲೆಪ್ಟಿನ್ ಮೊದಲನೆಯದನ್ನು ಅಡಗಿಸಿ ಎರಡನೆಯದನ್ನು ಚುರುಕುಗೊಳಿಸುತ್ತದೆ. ಹುಟ್ಟಿನಿಂದ ಲೆಪ್ಟಿನ್ ಇಲ್ಲದ ಕೆಲವೇ ಮಕ್ಕಳಿಗೆ ಅದನ್ನು ಚುಚ್ಚುಮದ್ದಾಗಿ ಕೊಟ್ಟಾಗ ತಣಿಯದ ಹಸಿವು ತಣಿದು ತೂಕ ಇಳಿಯಿತು. ಇವುಗಳ ಜೊತೆಗೆ ಊಟದಿಂದ ಊಟಕ್ಕೆ ಬದಲಾಗುವ ಸಂಕೇತಗಳಿವೆ: ಖಾಲಿ ಹೊಟ್ಟೆಯಿಂದ ಬಂದು ಹಸಿವೆಬ್ಬಿಸುವ ಗ್ರೆಲಿನ್, ಉಂಡ ಮೇಲೆ ಕರುಳಿನಿಂದ ಬರುವ ತೃಪ್ತಿಯ ಹಾರ್ಮೋನುಗಳು, ಹೊಟ್ಟೆ ಹಿಗ್ಗಿದ ಸುದ್ದಿಯನ್ನು ಒಯ್ಯುವ ವೇಗಸ್ ನರ.

ಹಾಗಾದರೆ ಎಲ್ಲರಿಗೂ ಲೆಪ್ಟಿನ್ ಕೊಟ್ಟರೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಕೊಟ್ಟು ನೋಡಿದ್ದಾರೆ, ಸಾಮಾನ್ಯ ಬೊಜ್ಜಿನಲ್ಲಿ ಫಲ ಅತ್ಯಲ್ಪ, ಏಕೆಂದರೆ ಅವರ ರಕ್ತದಲ್ಲಿ ಅದು ಆಗಲೇ ಧಾರಾಳವಾಗಿರುತ್ತದೆ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ. ಲೆಪ್ಟಿನ್ ಏರಿದಾಗ ಮಿದುಳು ಮಂದವಾಗಿ ಸ್ಪಂದಿಸುತ್ತದೆ, ಇಳಿದಾಗ ಮಾತ್ರ ಆಪತ್ತೆಂದು ತಿಳಿದು ತೀವ್ರವಾಗಿ ಸ್ಪಂದಿಸುತ್ತದೆ. ನೀವು 78 ಕಿಲೊ ತಲುಪಿದಾಗ ಕನ್ನಡಿಯಲ್ಲಿ ಕಂಡದ್ದು ಆರೋಗ್ಯ, ನಿಮ್ಮ ಹೈಪೊಥಲಾಮಸ್‌ಗೆ ಕಂಡದ್ದು ಬರಗಾಲ.

ಎರಡನೆಯ ಉತ್ತರ

ಮೇಲಿನ ವಿವರಣೆಗೆ ನನ್ನ ಸಹಮತವಿದೆ. ನಾನು ಆಹಾರ ತಜ್ಞೆಯಾಗಿ ಕೆಲಸ ಮಾಡುವುದರಿಂದ, ಚಯಾಪಚಯ ಕೆಟ್ಟಿದೆಯೇ ಎಂಬ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಅದು ಕೆಟ್ಟಿಲ್ಲ, ತಗ್ಗಿದೆ. ಈ ಎರಡರ ವ್ಯತ್ಯಾಸವನ್ನು ನನ್ನ ಬಳಿ ಬರುವವರಿಗೆಲ್ಲ ಸಮಾಧಾನದಿಂದ ಹೇಳುತ್ತೇನೆ, ಏಕೆಂದರೆ ಕೆಟ್ಟಿದೆ ಎಂಬ ಪದ ಅವರನ್ನು ಅನಗತ್ಯವಾಗಿ ಹೆದರಿಸುತ್ತದೆ.

ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿನಲ್ಲಿ, 1944–45ರಲ್ಲಿ, ಮಿನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು 36 ಮಂದಿ ಸ್ವಯಂಸೇವಕರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು, ಆದರೆ ವಿಶ್ರಾಂತಿಯ ಖರ್ಚು ಸುಮಾರು ಶೇ. 40ರಷ್ಟು ಇಳಿಯಿತು. ಅಂದರೆ ಕುಗ್ಗಿದ ದೇಹಕ್ಕೆ ತಕ್ಕಷ್ಟಲ್ಲ, ಅದಕ್ಕಿಂತ ಹೆಚ್ಚು. ಅವರಿಗೆ ಸದಾ ಚಳಿಯಾಗುತ್ತಿತ್ತು, ನಾಡಿ ನಿಧಾನವಾಗಿತ್ತು, ಹಗಲಿರುಳು ಆಹಾರದ್ದೇ ಯೋಚನೆ. ಮತ್ತೆ ಹೊಟ್ಟೆತುಂಬ ಉಣ್ಣಲು ಬಿಟ್ಟಾಗ ಕಳೆದುಕೊಂಡದ್ದಕ್ಕಿಂತ ಹೆಚ್ಚು ಕೊಬ್ಬನ್ನು ಕೂಡಿಸಿಕೊಂಡರು. 1995ರಲ್ಲಿ ಲೈಬೆಲ್, ರೋಸೆನ್‌ಬಾಮ್ ಮತ್ತು ಹಿರ್ಶ್ ಎಚ್ಚರದಿಂದ ಅಳೆದು ತೋರಿಸಿದ್ದೂ ಇದೇ ದಿಕ್ಕಿನದು: ಶೇ. 10ರಷ್ಟು ತೂಕ ಇಳಿಸಿಕೊಂಡು ಅಲ್ಲಿಯೇ ನಿಂತವರಲ್ಲಿ ದಿನದ ಒಟ್ಟು ಖರ್ಚು, ದೇಹ ಕುಗ್ಗಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಸುಮಾರು ಶೇ. 15ರಷ್ಟು ಕಡಿಮೆಯಾಗಿತ್ತು. ಅದೇ ತಂಡ ಮುಂದೆ, ತೂಕ ಇಳಿಸಿದವರಿಗೆ ಲೆಪ್ಟಿನನ್ನು ಹಳೆಯ ಮಟ್ಟಕ್ಕೆ ತುಂಬಿಕೊಟ್ಟಾಗ ಈ ಇಳಿಕೆ ಬಹುಮಟ್ಟಿಗೆ ಇಲ್ಲವಾದದ್ದನ್ನೂ ಕಂಡಿತು. ಚಯಾಪಚಯ ಮುರಿದಿಲ್ಲ, ಒಂದು ಸಂಕೇತಕ್ಕೆ ವಿಧೇಯವಾಗಿ ನಡೆಯುತ್ತಿದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಆದರೆ ತೂಕ ಮರಳಲು ಮುಖ್ಯ ಕಾರಣ ಈ ಖರ್ಚಿನ ಇಳಿಕೆಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಆಧಾರ 2016ರಲ್ಲಿ ಪ್ರಕಟವಾದ ಒಂದು ಜಾಣ ವಿಶ್ಲೇಷಣೆ. ಮಧುಮೇಹದ ಒಂದು ಬಗೆಯ ಔಷಧ ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತದೆ, ಆಗ ದಿನಕ್ಕೆ ಸುಮಾರು 360 ಕಿಲೊಕ್ಯಾಲೊರಿ ರೋಗಿಗೆ ಅರಿವೇ ಇಲ್ಲದೆ ಸೋರಿಹೋಗುತ್ತದೆ. ತಾನು ಪಥ್ಯದಲ್ಲಿದ್ದೇನೆ ಎಂಬ ಭಾವನೆಯೇ ಅವರಿಗೆ ಇರುವುದಿಲ್ಲವಾದ್ದರಿಂದ, ಹಸಿವಿನ ಶುದ್ಧ ಪ್ರತಿಕ್ರಿಯೆಯನ್ನು ಅವರಲ್ಲಿ ನೋಡಬಹುದು. 52 ವಾರಗಳ ತೂಕದ ಏರಿಳಿತದಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ, ಇಳಿದ ಪ್ರತಿ ಕಿಲೊಗೆ ಖರ್ಚು ದಿನಕ್ಕೆ 20ರಿಂದ 30 ಕಿಲೊಕ್ಯಾಲೊರಿಯಷ್ಟೇ ತಗ್ಗುತ್ತದೆ, ತಿನ್ನುವ ಬಯಕೆ ಮಾತ್ರ ಸುಮಾರು 100 ಕಿಲೊಕ್ಯಾಲೊರಿಯಷ್ಟು ಏರುತ್ತದೆ ಎಂದು ಕಂಡುಬಂತು. ಹಸಿವಿನ ಎಳೆತ ಖರ್ಚಿನ ಇಳಿಕೆಗಿಂತ ಮೂರು ನಾಲ್ಕು ಪಟ್ಟು ಬಲವಾದದ್ದು.

ಈಗ ನಿಮ್ಮ ಸಂದೇಹಕ್ಕೆ ಬರುತ್ತೇನೆ. ನೀವು ಗೊತ್ತಿಲ್ಲದಂತೆ ಹೆಚ್ಚು ತಿನ್ನುತ್ತಿರುವ ಸಂಭವವೇ ಹೆಚ್ಚು. ಇದು ನಿಮ್ಮ ಮೇಲಿನ ಆರೋಪವಲ್ಲ. ಬಡಿಸಿಕೊಳ್ಳುವ ಕೈ ಒಂದು ಚಮಚ ಮುಂದೆ ಹೋಗುತ್ತದೆ, ತುತ್ತು ದೊಡ್ಡದಾಗುತ್ತದೆ, ಸಾಕು ಎನಿಸುವ ಕ್ಷಣ ಎರಡು ನಿಮಿಷ ತಡವಾಗಿ ಬರುತ್ತದೆ. ಇದಾವುದೂ ನೆನಪಿನಲ್ಲಿ ಉಳಿಯುವ ಘಟನೆಯಲ್ಲ. ಹಾಗಾಗಿ ಅಭ್ಯಾಸ ಬದಲಾಗಿಲ್ಲ ಎಂಬ ನಿಮ್ಮ ಅನಿಸಿಕೆಯೂ ಪ್ರಾಮಾಣಿಕವೇ, ತೂಕ ತೋರಿಸುವ ಸಂಖ್ಯೆಯೂ ಸರಿಯೇ. ವಯಸ್ಸನ್ನು ದೂರುವವರಿಗಾಗಿ ಒಂದು ಮಾತು: 2021ರಲ್ಲಿ ಪ್ರಕಟವಾದ, 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಳಗೊಂಡ ಅಧ್ಯಯನದಲ್ಲಿ, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡಾಗ ಶಕ್ತಿಯ ಖರ್ಚು 20ರಿಂದ 60ರ ವಯಸ್ಸಿನವರೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿತ್ತು.

ಮೂರನೆಯ ಉತ್ತರ

ಹಿಂದಿನ ಇಬ್ಬರೂ ಬರೆದದ್ದನ್ನು ಓದಿದವರಿಗೆ, ದೇಹದೊಳಗೆ 92 ಎಂಬ ಸಂಖ್ಯೆಯನ್ನು ಯಾರೋ ಕೆತ್ತಿಟ್ಟಿದ್ದಾರೆ ಎಂಬ ಭಾವನೆ ಬರಬಹುದು. ಈ ಒಂದು ಅಂಶದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಹಾಗೆ ಕೆತ್ತಿದ ಗುರಿ ಇದ್ದಿದ್ದರೆ, ಕೆಲವೇ ದಶಕಗಳಲ್ಲಿ ಜಗತ್ತಿನ ಬಹುತೇಕ ದೇಶಗಳಲ್ಲಿ ಜನರ ಸರಾಸರಿ ತೂಕ ಏರಿದ್ದನ್ನು ವಿವರಿಸುವುದು ಕಷ್ಟ. ಅಷ್ಟರಲ್ಲಿ ವಂಶವಾಹಿಗಳು ಬದಲಾಗಿಲ್ಲ, ಸುತ್ತಲಿನ ಆಹಾರ ಬದಲಾಗಿದೆ. 2019ರಲ್ಲಿ ಕೆವಿನ್ ಹಾಲ್ ಅವರ ತಂಡ 20 ಮಂದಿಯನ್ನು ಒಂದೇ ಕಟ್ಟಡದಲ್ಲಿ ನಾಲ್ಕು ವಾರ ಇರಿಸಿ, ಎರಡು ವಾರ ಅತಿ ಸಂಸ್ಕರಿತ ಆಹಾರವನ್ನೂ ಎರಡು ವಾರ ಹೆಚ್ಚು ಸಂಸ್ಕರಿಸದ ಆಹಾರವನ್ನೂ ಬೇಕಾದಷ್ಟು ತಿನ್ನಲು ಬಿಟ್ಟಿತು. ಎರಡರಲ್ಲೂ ಬಡಿಸಿದ ಸಕ್ಕರೆ, ಕೊಬ್ಬು, ನಾರು, ಉಪ್ಪುಗಳ ಪ್ರಮಾಣವನ್ನು ಹೊಂದಿಸಲಾಗಿತ್ತು. ಆದರೂ ಮೊದಲನೆಯದರಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ತಿಂದರು, ಎರಡೇ ವಾರಗಳಲ್ಲಿ ಸರಾಸರಿ 0.9 ಕಿಲೊ ಏರಿದರು. ಅದೇ ಹೈಪೊಥಲಾಮಸ್, ಅದೇ ಲೆಪ್ಟಿನ್, ಬೇರೆ ಫಲ.

ಹಾಗೆಂದು ಎಲ್ಲವೂ ಪರಿಸರದ್ದೇ ಎಂದೂ ನಾನು ಹೇಳಲಾರೆ. 1990ರಲ್ಲಿ ಕ್ಲೋಡ್ ಬುಷಾರ್ ಅವರು 12 ಜೋಡಿ ತದ್ರೂಪಿ ಅವಳಿಗಳಿಗೆ ನೂರು ದಿನಗಳ ಅವಧಿಯಲ್ಲಿ 84 ದಿನ, ದಿನಕ್ಕೆ 1,000 ಕಿಲೊಕ್ಯಾಲೊರಿ ಹೆಚ್ಚಾಗಿ ಉಣ್ಣಿಸಿದರು. ಏರಿದ ತೂಕ ಒಬ್ಬರಲ್ಲಿ 4.3 ಕಿಲೊ, ಇನ್ನೊಬ್ಬರಲ್ಲಿ 13.3 ಕಿಲೊ. ಆದರೆ ಒಂದೇ ಜೋಡಿಯ ಇಬ್ಬರು ಬಹುಮಟ್ಟಿಗೆ ಒಂದೇ ರೀತಿ ಏರಿದ್ದರು. 1999ರಲ್ಲಿ ಜೇಮ್ಸ್ ಲೆವಿನ್ ಅವರ ಪ್ರಯೋಗದಲ್ಲಿ ಇಂಥದ್ದೇ ಅಧಿಕ ಊಟವನ್ನು ಎಂಟು ವಾರ ಉಂಡ 16 ಮಂದಿಯಲ್ಲಿ, ಕಡಿಮೆ ಕೊಬ್ಬು ಕೂಡಿದವರು ವ್ಯಾಯಾಮ ಮಾಡಿದವರಾಗಿರಲಿಲ್ಲ; ಕುಳಿತಲ್ಲಿ ಕಾಲಾಡಿಸುವುದು, ಎದ್ದು ಓಡಾಡುವುದು, ಭಂಗಿ ಬದಲಿಸುವುದು, ಇಂಥ ಅರಿವಿಗೆ ಬಾರದ ಚಲನೆಗಳು ಅವರಲ್ಲಿ ತಾವಾಗಿಯೇ ಹೆಚ್ಚಿದ್ದವು.

ಆದ್ದರಿಂದ ನನಗೆ ಒಪ್ಪುವ ಚಿತ್ರ ಕೆರೆಯದು. ಕೆರೆಯ ನೀರಿಗೆ ಯಾರೂ ಮಟ್ಟವನ್ನು ಗೊತ್ತುಮಾಡಿರುವುದಿಲ್ಲ. ಒಳಹರಿವು, ಕೋಡಿಯ ಎತ್ತರ, ಏರಿಯ ಮಣ್ಣು ಸೇರಿ ಒಂದು ಮಟ್ಟ ತಾನಾಗಿ ನಿಲ್ಲುತ್ತದೆ. ಕೋಡಿಯನ್ನು ವಂಶವಾಹಿಗಳು ಕಟ್ಟಿವೆ, ಒಳಹರಿವನ್ನು ನಮ್ಮ ಸುತ್ತಲಿನ ಆಹಾರ ತೀರ್ಮಾನಿಸುತ್ತದೆ. ಆರೇಳು ವರ್ಷ ನಿಮ್ಮ ತೂಕ 92ರ ಆಸುಪಾಸಿನಲ್ಲಿ ನಿಂತದ್ದು ಹೀಗೆ ಎಂದು ನನ್ನ ಅನಿಸಿಕೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಬಡಿಸಿಕೊಳ್ಳುವ ಕೈಯ ಬಗ್ಗೆ ಓದಿದಾಗ ನನಗೆ ಬೇಸರಕ್ಕಿಂತ ನಿರಾಳವೇ ಹೆಚ್ಚಾಯಿತು, ಏಕೆಂದರೆ ಎರಡು ವರ್ಷಗಳಿಂದ ನಾನು ಸುಳ್ಳು ಹೇಳುತ್ತಿದ್ದೇನೆಂದು ಎಲ್ಲರೂ ಭಾವಿಸಿದ್ದರು, ಕೊನೆಕೊನೆಗೆ ನಾನೂ ಹಾಗೆಯೇ ಭಾವಿಸತೊಡಗಿದ್ದೆ. ಒಂದೇ ಪ್ರಶ್ನೆ ಉಳಿದಿದೆ. ತಗ್ಗಿದ ತೂಕದಲ್ಲಿ ಸಾಕಷ್ಟು ಕಾಲ ಉಳಿದರೆ ದೇಹ ಅದನ್ನು ಹೊಸ ನೆಲೆಯೆಂದು ಒಪ್ಪಿಕೊಳ್ಳುತ್ತದೆಯೇ?

ಎರಡನೆಯ ಉತ್ತರ ಬರೆದವರು

ಬೇಗ ಒಪ್ಪಿಕೊಳ್ಳುವುದಿಲ್ಲ ಎಂಬುದಕ್ಕೆ ಸಾಕ್ಷ್ಯವಿದೆ. 2011ರಲ್ಲಿ ಪ್ರಿಯಾ ಸುಮಿತ್ರನ್ ಮತ್ತು ಸಹೋದ್ಯೋಗಿಗಳು, ಹತ್ತು ವಾರಗಳ ಕಠಿಣ ಪಥ್ಯದಲ್ಲಿ ತೂಕ ಇಳಿಸಿದವರನ್ನು ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸಿದಾಗ, ಲೆಪ್ಟಿನ್ ಇನ್ನೂ ಕೆಳಗೆ, ಗ್ರೆಲಿನ್ ಇನ್ನೂ ಮೇಲೆ, ಹಸಿವು ಮೊದಲಿಗಿಂತ ಹೆಚ್ಚು. ತೂಕ ಇಳಿಸುವ ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಅಳೆದಾಗ, ಇಳಿದದ್ದರ ಹೆಚ್ಚಿನ ಭಾಗ ಮರಳಿ ಬಂದಿದ್ದರೂ ವಿಶ್ರಾಂತಿಯ ಖರ್ಚು ಅವರ ಗಾತ್ರಕ್ಕೆ ನಿರೀಕ್ಷಿಸಿದ್ದಕ್ಕಿಂತ ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಕಡಿಮೆಯೇ ಇತ್ತು. ಅದು ಅತಿ ತೀವ್ರವಾದ ಉದಾಹರಣೆ, ನಿಮಗೆ ನೇರವಾಗಿ ಅನ್ವಯಿಸಬೇಡಿ.

ಕರುಳಿನ ತೃಪ್ತಿಯ ಹಾರ್ಮೋನನ್ನು ಅನುಕರಿಸುವ ಹೊಸ ಚುಚ್ಚುಮದ್ದುಗಳಿಂದ ದೊರೆತ ಅನುಭವವೂ ಇದಕ್ಕೆ ಹೊಂದುತ್ತದೆ. ಅವುಗಳಲ್ಲಿ ಒಂದಾದ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ಇಳಿಯಿತು, ನಿಲ್ಲಿಸಿದ ಒಂದು ವರ್ಷದೊಳಗೆ ಅದರ ಮೂರನೆಯ ಎರಡು ಭಾಗ ಮರಳಿತು. ರಕ್ತದೊತ್ತಡದ ಗುಳಿಗೆಯನ್ನು ನಿಲ್ಲಿಸಿದಾಗ ಒತ್ತಡ ಏರಿದರೆ ನಾವು ರೋಗಿಯನ್ನು ಬೈಯುವುದಿಲ್ಲ, ಇಲ್ಲಿಯೂ ಬೈಯಬೇಕಾದ ಕಾರಣ ನನಗೆ ಕಾಣುವುದಿಲ್ಲ. ಔಷಧ ಬೇಕೋ ಬೇಡವೋ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ, ನಿಮ್ಮ ಮಾತನ್ನು ಪೂರ್ತಿ ಕೇಳುವ ವೈದ್ಯರೊಡನೆ ತೀರ್ಮಾನಿಸಿ. ಇನ್ನೊಂದು ವಿಷಯ: 14ರಲ್ಲಿ 11 ಮರಳಿದೆ ಎಂದು ಬರೆದಿದ್ದೀರಿ. ಉಳಿದ ಮೂರು ಕಿಲೊ, ಈ ಎಲ್ಲ ಎಳೆತದ ವಿರುದ್ಧ, ಎರಡು ವರ್ಷಗಳಿಂದ ದೂರವೇ ಉಳಿದಿದೆ. ನಿಮ್ಮ ನಡಿಗೆ ಇನ್ನೂ ಮುಂದುವರಿದಿದೆಯೇ ಎಂಬುದನ್ನು ತಿಳಿಸಿದರೆ ಮುಂದಿನ ಮಾತು ಅಲ್ಲಿಂದ ಆರಂಭಿಸಬಹುದು.